ಒಂದು ಕ್ರೆಡಿಟ್ಟಿನ ಕೊಳ

ಡಿಗ್ರಿಗೆ ಕಡಿಮೆ ಬಿದ್ದದ್ದು ಒಂದೇ ಒಂದು ಕ್ರೆಡಿಟ್.

ಆನೆ ಪೂರ್ತಿ ಬಾಗಿಲು ದಾಟಿ ಬಾಲ ಸಿಕ್ಕಿಕೊಂಡಿತು ಅನ್ನುತ್ತಾರಲ್ಲ, ಹಾಗೆ. ಓಜೆಲ್ಲಾ ಇಂಗ್ಲಿಷ್ ಮುಗಿಸಿದ್ದಳು. ಮಕ್ಕಳ ಬೆಳವಣಿಗೆ, ಮಕ್ಕಳ ಆಹಾರ, ಮಕ್ಕಳ ಮನಸ್ಸು, ಎಲ್ಲ ಮುಗಿಸಿದ್ದಳು. ಗಣಿತಕ್ಕೆ ಸೇರಬೇಕಾದರೆ ಮೊದಲು ಪೂರ್ವಪಾಠ ಮಾಡು ಅಂದರು. ಅದಕ್ಕೆ ಫೀಸು ಉಂಟು, ಕ್ರೆಡಿಟ್ ಇಲ್ಲ. ಅದನ್ನೂ ಹಲ್ಲು ಕಚ್ಚಿಕೊಂಡು ಮಾಡಿದಳು. ಹಗಲೆಲ್ಲ ಮೀನು ಫ್ಯಾಕ್ಟರಿಯಲ್ಲಿ ನಿಂತು, ಸಂಜೆ ಕೂದಲಲ್ಲಿ ಮೀನಿನ ವಾಸನೆ ಹೊತ್ತುಕೊಂಡೇ ಬಂದು ಕಮ್ಯುನಿಟಿ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತಳು. ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ ಅಂತ ಕೂತಳು. ವಯಸ್ಸು ನಲವತ್ತು ದಾಟಿತ್ತು. ನಾಚಿಕೊಳ್ಳುವ ವಯಸ್ಸೇ ಅದು?

ಮೇ ತಿಂಗಳ ಕೊನೆಗೆ, ಕಾಲೇಜಿನಲ್ಲಿ ಸಲಹೆ ಕೊಡುವ ಮಿಸ್ ಪ್ರುಯಿಟ್ ಕಂಪ್ಯೂಟರಿನ ಪರದೆಯನ್ನು ಇವಳ ಕಡೆ ತಿರುಗಿಸಿದಳು. ಚಿಕ್ಕ ವಯಸ್ಸಿನ ಬಿಳಿ ಹುಡುಗಿ. ಮಾತು ಸಕ್ಕರೆ ಪಾಕ.

"ಎಲ್ಲಾ ಚೆನ್ನಾಗಿದೆ ಮಿಸ್ ಓಜೆಲ್ಲಾ. ಇದೊಂದು ಉಳ್ಕೊಂಡಿದೆ ನೋಡಿ. ದೈಹಿಕ ಶಿಕ್ಷಣ. ಒಂದು ಕ್ರೆಡಿಟ್."

"ಅದೇನದು?"

"ವ್ಯಾಯಾಮ. ಮೈಗೆ ಸ್ವಲ್ಪ ಶ್ರಮ ಆಗ್ಬೇಕು, ಬೆವರು ಬರ್ಬೇಕು. ಒಳ್ಳೇದೇ ಅಲ್ವಾ?"

ಓಜೆಲ್ಲಾ ತನ್ನ ಕೈ ನೋಡಿಕೊಂಡಳು. ಬಲಗೈಯ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಚಾಕು ಇನ್ನೂ ಹಿಡಿದಿದ್ದೇನೆ ಎನ್ನುವಂತೆ ಮಡಚಿಕೊಂಡೇ ಇರುತ್ತಿದ್ದವು. ಫ್ಯಾಕ್ಟರಿಗೆ ಮೀಸೆಯ ಮೀನು, ಕ್ಯಾಟ್‌ಫಿಶ್, ಜೀವಂತ ಬರುತ್ತಿತ್ತು. ಕರೆಂಟು ಕೊಟ್ಟು ಸುಮ್ಮನಾಗಿಸಿ, ಗರಗಸಕ್ಕೆ ತಲೆ ಕೊಟ್ಟು, ಹೆಂಗಸರ ಮುಂದೆ ತಳ್ಳುತ್ತಿದ್ದರು. ಬೆನ್ನಿನುದ್ದ ಒಂದು ಸೀಳು, ಪಕ್ಕೆಗೊಂದು ಸೀಳು, ತಿರುಗಿಸು, ಮತ್ತೆ ಸೀಳು. ಕಾಲ ಕೆಳಗೆ ಐಸಿನ ನೀರು, ಅದರಲ್ಲಿ ರಕ್ತ. ಉಚ್ಚೆಗೆ ಹೋಗಬೇಕಾದರೆ ಕೈ ಎತ್ತಿ ಕಾಯಬೇಕು. ಸೂಪರ್‌ವೈಸರ್ ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಲ್ಲುತ್ತಿದ್ದ. ಚಳಿಗಾಲದಲ್ಲಿ ಡಾಕ್ಟರು, ಇನ್ನು ಈ ಕೈಯಲ್ಲಿ ಚಾಕು ಹಿಡಿದರೆ ಕೈಯೇ ಹೋಗುತ್ತದೆ ಅಂದ. ಫ್ಯಾಕ್ಟರಿಯವರು ಆ ವಾರವೇ ಕೆಲಸದಿಂದ ತೆಗೆದರು.

"ಬೆವರು ನಾನು ಸುರಿಸಿದೀನಿ ಮಿಸ್ ಪ್ರುಯಿಟ್. ಅದು ಲೆಕ್ಕಕ್ಕೆ ಬರಲ್ವಾ? ನಮ್ಮ ಸೂಪರ್‌ವೈಸರ್‌ಗೆ ಕೆಲಸದ ಅನುಭವ ಅಂತ ಇದೇ ಕಾಲೇಜಲ್ಲಿ ಕ್ರೆಡಿಟ್ ಕೊಟ್ರಲ್ಲಾ."

"ಅದು ಆಡಳಿತದ ಅನುಭವ."

"ನಾವು ಉಚ್ಚೆಗೆ ಹೋಗೋದನ್ನ ನೋಡ್ತಾ ನಿಂತಿದ್ದಾ?"

ಮಿಸ್ ಪ್ರುಯಿಟ್‌ಳ ಕಿವಿ ಕೆಂಪಾಯಿತು. "ನಿಯಮ ನಾನು ಮಾಡಿದ್ದಲ್ಲ. ಡಾಕ್ಟರ್ ಚೀಟಿ ತಂದ್ರೆ ವಿನಾಯ್ತಿ ಸಿಗತ್ತೆ. ಮೈ ಶ್ರಮಕ್ಕೆ ಆಗಲ್ಲ ಅಂತ ಬರೆಸ್ಕೊಂಡು ಬನ್ನಿ."

"ಮೈಗೆ ಆಗಲ್ಲ ಅಂತ ಬರೆಸಿದ್ರೆ ಮಕ್ಕಳನ್ನ ಎತ್ಕೊಳ್ಳೋಕೆ ನನ್ನ ಯಾರು ಇಟ್ಕೋತಾರೆ?"

ಚರ್ಚಿನ ಹಿಂದಿನ ಮಕ್ಕಳ ಶಾಲೆಯಲ್ಲಿ ಓಜೆಲ್ಲಾ ಈಗ ಅಡುಗೆಗೆ ಕೈ ಜೋಡಿಸುತ್ತಿದ್ದಳು. ಆಗಸ್ಟಿನಲ್ಲಿ ಅಲ್ಲೊಂದು ತರಗತಿ ಖಾಲಿಯಾಗುವುದಿತ್ತು. ಡಿಗ್ರಿ ಇಲ್ಲದವರು ಮಕ್ಕಳ ಮುಂದೆ ನಿಲ್ಲುವ ಹಾಗಿಲ್ಲ ಅಂತ ಸರ್ಕಾರ ಹೊಸ ಕಾನೂನು ತಂದಿತ್ತು. ಆಗಸ್ಟಿನವರೆಗೆ ಕಾಯುತ್ತೇನೆ, ಆಮೇಲೆ ಆಗುವುದಿಲ್ಲ ಅಂತ ಶಾಲೆಯ ಯಜಮಾನಿ ಹೇಳಿಬಿಟ್ಟಿದ್ದಳು. ನಾಲ್ಕು ವರ್ಷದ ಮಕ್ಕಳು, ಗೋಡೆಗೆ ಅಕ್ಷರ, ಕಿಟಕಿಯಲ್ಲಿ ಬಿಸಿಲು. ಓಜೆಲ್ಲಾಗೆ ಬೇಕಾಗಿದ್ದದ್ದು ಅಷ್ಟೇ. ಒಣಗಿದ ನೆಲದ ಮೇಲೆ ನಿಂತು ಮಾಡುವ ಕೆಲಸ.

"ಬೇಸಿಗೆಯಲ್ಲಿ ಯಾವ ವ್ಯಾಯಾಮ ಇದೆ?"

"ನಡಿಗೆ ಕೋರ್ಸು ಸೆಪ್ಟೆಂಬರಿಗೆ. ಬೇಸಿಗೆಗೆ ಒಂದೇ ಇರೋದು. ಈಜು."

"ಆ ಕೊಳದಲ್ಲೇನಾ?"

"ಹೂಂ, ನಮ್ಮ ಜಿಮ್ಮಿನ ಕೊಳ. ಹಳೇದು, ಆದ್ರೆ ಗಟ್ಟಿಮುಟ್ಟಾಗಿದೆ. ಯಾಕೆ?"

"ಏನಿಲ್ಲ," ಅಂದಳು ಓಜೆಲ್ಲಾ. ಹೆಸರು ಬರೆಸಿದಳು.

ಆ ಕೊಳ ಮೊದಲು ಕಾಲೇಜಿನದಲ್ಲ, ಊರಿನದು. ಊರಿನ ದುಡ್ಡಲ್ಲಿ ಕಟ್ಟಿದ್ದು, ಅಂದರೆ ನಮ್ಮ ಕರಿಯರ ತೆರಿಗೆಯೂ ಅದರಲ್ಲಿ ಸೇರಿತ್ತು. ಅಗೆದವರು ನಮ್ಮ ಗಂಡಸರು. ಟೈಲ್ಸ್ ಕೂರಿಸಿದವರು ನಮ್ಮ ಗಂಡಸರು. ನೀರು ತುಂಬಿದ ಮೇಲೆ ರೈಲು ಹಳಿಯ ಈಚೆಯ ಒಂದು ಪಿಳ್ಳೆಯೂ ಅದರಲ್ಲಿ ಕಾಲು ಅದ್ದುವ ಹಾಗಿರಲಿಲ್ಲ. ಮಿಸಿಸಿಪ್ಪಿಯ ಬೇಸಿಗೆ ಎಂದರೆ ಗಾಳಿಯೇ ಬೇಯುತ್ತದೆ. ನಮ್ಮ ಮಕ್ಕಳು ತಂತಿ ಬೇಲಿ ಹಿಡಿದು ನಿಂತು ಬಿಳಿ ಮಕ್ಕಳು ಧುಮುಕುವುದನ್ನು ನೋಡುತ್ತಿದ್ದರು. ಆಮೇಲೆ ಅದು ಬಿಳಿಯರ ಕ್ಲಬ್ಬಿಗೆ ಹೋಯಿತು. ಕ್ಲಬ್ಬು ಮುದಿಯಾಗಿ ಸತ್ತ ಮೇಲೆ ಕಾಲೇಜಿಗೆ ಬಂತು. ಕಾಲೇಜಿನವರು ಮೇಲೊಂದು ಚಾವಣಿ ಹಾಕಿ, ಗೇಟು ಇದ್ದ ಕಡೆ ಗಾಜಿನ ಗೋಡೆ ನಿಲ್ಲಿಸಿದರು.

ಮೊದಲ ದಿನ ಕೋರ್ಸಿಗೆ ಬಂದವರಲ್ಲಿ ಹೆಚ್ಚಿನವರು ನಮ್ಮ ಹೆಂಗಸರೇ. ಎಲ್ಲರಿಗೂ ಅದೇ ಒಂದು ಕ್ರೆಡಿಟ್ಟಿನ ಕೊರತೆ. ಮೀನಿನ ಸಾಲಿನಲ್ಲಿ ಓಜೆಲ್ಲಾಳ ಪಕ್ಕದಲ್ಲೇ ನಿಲ್ಲುತ್ತಿದ್ದ ಡೆಸ್ಸಿಯೂ ಬಂದಿದ್ದಳು. ಡೆಸ್ಸಿಯದು ಭಾರಿ ಮೈ, ಭಾರಿ ಬಾಯಿ.

"ಏ ಓಜೆಲ್ಲಾ, ಇಷ್ಟು ವರ್ಷ ಮೀನು ಸೀಳಿದ್ವಿ. ಈಗ ದೇವರು ನಮ್ಮನ್ನೇ ಮೀನು ಮಾಡ್ತಾ ಇದಾನೆ ನೋಡೇ," ಅಂತ ಈಜುಡುಪನ್ನು ತೊಡೆಯ ಮೇಲೆ ಎಳೆದುಕೊಂಡಳು. "ಈ ಬಟ್ಟೆ ಹೊಲಿದವನಿಗೆ ಹೆಂಡ್ತಿ ಇಲ್ಲ ಕಣೇ, ಇದ್ದಿದ್ರೆ ಹೀಗೆ ಹೊಲಿತಿರ್ಲಿಲ್ಲ."

ಕೋಚ್ ಹಾಲ್‌ಬ್ರೂಕ್ ಸೀಟಿ ಊದಿದ. ಮಾಗಿದ ಬಿಳಿಯ. ಎದೆಯ ಮೇಲೆ ಬೆಳ್ಳಿ ಕೂದಲು. ಬಿಳಿ ಹುಡುಗಿಯರು ಇಬ್ಬರಿದ್ದರು. ಅವರಿಗೆ 'ನೀವು' ಅಂದ. ಓಜೆಲ್ಲಾ, ಡೆಸ್ಸಿ, ಉಳಿದವರಿಗೆಲ್ಲ 'ನೀನು'.

"ಕೊನೇ ದಿನ ಈ ತುದಿಯಿಂದ ಆ ತುದಿಗೆ ದಾಟ್ಬೇಕು. ಹೇಗಾದ್ರೂ ದಾಟು, ನನಗೇನಂತೆ. ದಾಟಿದ್ರೆ ಕ್ರೆಡಿಟ್ಟು, ಇಲ್ದಿದ್ರೆ ಇಲ್ಲ. ನಿಮ್ಮವರ ಮೂಳೆ ಭಾರ, ತೇಲಲ್ಲ ಅಂತಾರೆ. ನಾನು ಹಾಗೆ ಅನ್ನಲ್ಲಪ್ಪ. ಇಳಿ, ಇಳಿ."

ಓಜೆಲ್ಲಾ ಏಣಿ ಹಿಡಿದು ಇಳಿದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಉಸಿರು ಅಲ್ಲೇ ನಿಂತಿತು. ಮುಖ ಎತ್ತಿದಾಗ ಗಾಜಿನ ಗೋಡೆಯಾಚೆ ಆಮೋಸ್ ನಿಂತಿದ್ದ.

ಇಸ್ತ್ರಿ ಮಾಡಿದ ಬಿಳಿ ಅಂಗಿ. ನೀರು ಹಚ್ಚಿ ಬಾಚಿದ ಕ್ರಾಪು. ಸುರುಳಿ ಸುತ್ತಿದ ಟವೆಲ್ಲು ಕಂಕುಳಲ್ಲಿ. ಒಂಬತ್ತೇ ವರ್ಷ ಅವನಿಗೆ. ಅವಳ ಅಣ್ಣ ಅವನು. ಇವಳಿಗೆ ನಲವತ್ತಾದರೂ ಅವನಿಗೆ ಒಂಬತ್ತೇ. ಗಾಜಿಗೆ ಹಣೆ ಒತ್ತಿ ನೀರನ್ನೇ ನೋಡುತ್ತಿದ್ದ. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಲಿಲ್ಲ.

ಮನೆಗೆ ಹೋದಾಗ ಅವ್ವ ಲೂಬರ್ತಾ ಅಂಗಳದ ನೆರಳಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕಣ್ಣು ಮಂಜಾಗಿತ್ತು, ಮೂಗು ಚುರುಕಾಗಿತ್ತು.

"ಇದೇನೇ ವಾಸನೆ?"

"ನೀರಿಗೆ ಹಾಕೋ ಔಷಧಿ ಅವ್ವಾ."

"ಯಾವ ನೀರು?"

ಓಜೆಲ್ಲಾ ಹೇಳಿದಳು. ಅವ್ವ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ನಮ್ಮ ಮಗೂನ ಬಿಡದ ನೀರಿಗೆ ನೀನು ದುಡ್ಡು ಕೊಟ್ಟು ಇಳಿದ್ಯಾ?"

"ಇಳೀದಿದ್ರೆ ಡಿಗ್ರಿ ಕೊಡಲ್ಲ ಅವ್ವಾ."

"ಕೊಡದಿದ್ರೆ ಅವರ ಡಿಗ್ರಿ ಅವರ ತಲೇ ಮೇಲೆ ಹೊಯ್ಕೊಳ್ಳಲಿ." ಅಷ್ಟು ಹೇಳಿ ಅವ್ವ ಆ ದಿನವೆಲ್ಲ ಮಾತು ಬಿಟ್ಟಳು. ಅವರೆಕಾಳು ಬೇಯಿಸಿ, ಜೋಳದ ಬ್ರೆಡ್ಡು ಮುರಿದು ಮಗಳ ಮುಂದೆ ಇಟ್ಟಳು. ತಾನು ತಿನ್ನಲಿಲ್ಲ.

ಲೂಬರ್ತಾ ಬಿಳಿಯರ ಬಟ್ಟೆ ಒಗೆದು ಬದುಕಿದವಳು. ಅವಳ ಇಸ್ತ್ರಿ ಅಂದರೆ ಹಳಿಯ ಆಚೆಯೂ ಹೆಸರು. ಆಮೋಸ್‌ಗೆ ಒಂಬತ್ತಾದ ವರ್ಷ ಜುಲೈ ಶುರುವಿನಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು: ಕಾನೂನು ಬದಲಾಗಿದೆ, ಹೋಟೆಲು, ಸಿನಿಮಾ, ಕೊಳ ಎಲ್ಲ ಇನ್ನು ಎಲ್ಲರದು. ಚರ್ಚಿನಲ್ಲಿ ಪಾದ್ರಿ ಅತ್ತುಬಿಟ್ಟ. ಓಣಿಯ ಉಳಿದವರು, ಮೊದಲು ಬೇರೆ ಯಾರಾದರೂ ಹೋಗಿ ಬರಲಿ, ಆಮೇಲೆ ನೋಡೋಣ ಅಂದರು. ಲೂಬರ್ತಾ ನಂಬಿದಳು. ಅವಳು ಮಾಡಿದ ತಪ್ಪು ಅದೊಂದೇ. ನಂಬಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಅದು ಅವಳಿಗೂ ಗೊತ್ತಿತ್ತು. ಕಾನೂನು ಬಿಟ್ಟರೂ ಗೇಟಿನವನು ಏನೋ ಕೊಂಕು ತೆಗೆಯುತ್ತಾನೆ. ಕೊಳಕು ಅನ್ನುತ್ತಾನೆ. ಅದಕ್ಕೇ ಮಗನನ್ನು ತೊಟ್ಟಿಯಲ್ಲಿ ಕೂರಿಸಿ ಚರ್ಮ ಸುಲಿಯುವ ಹಾಗೆ ಉಜ್ಜಿದಳು. ಉಗುರಿನ ಸಂದಿ ಬಿಡಲಿಲ್ಲ. ಬಿಳಿಯರ ಅಂಗಿಗೆ ಹಾಕುವ ಗಂಜಿಯನ್ನೇ ಅವನ ಅಂಗಿಗೆ ಹಾಕಿ ಇಸ್ತ್ರಿ ತಿಕ್ಕಿದಳು. ತಂಗಿ ಓಜೆಲ್ಲಾಳ ಕೈ ಅವನ ಕೈಯಲ್ಲಿಟ್ಟು, "ಸರ್ ಅನ್ನು, ಮೇಡಂ ಅನ್ನು, ಓಡಬೇಡ, ಅಂಗಿ ಕೊಳೆ ಮಾಡಬೇಡ" ಅಂದು ಕಳಿಸಿದಳು.

ಗೇಟಿಗೆ ಬೀಗ. ಮೇಲೊಂದು ಬೋರ್ಡು. ಆಮೋಸ್ ಗಟ್ಟಿಯಾಗಿ ಓದಿದ: "ರಿಪೇರಿಗಾಗಿ ಮುಚ್ಚಿದೆ." ಬೇಲಿಯ ಒಳಗೆ ನೀರು ತುಂಬಿ ನೀಲಿಯಾಗಿ ಹೊಳೆಯುತ್ತಿತ್ತು. ಮಕ್ಕಳು ತುಂಬ ಹೊತ್ತು ನಿಂತರು. ಬಿಸಿಲು ನೆತ್ತಿಗೆ ಬಂತು.

ಹಿಂದಿರುಗುವ ದಾರಿಯಲ್ಲಿ ನದಿಯ ಏರಿಗೆಂದು ಮಣ್ಣು ತೆಗೆದ ಹೊಂಡ. ಓಣಿಯ ಹುಡುಗರು ಬೇಸಿಗೆಯಲ್ಲಿ ಆಡುತ್ತಿದ್ದದ್ದು ಅಲ್ಲೇ, ಆ ಹೊತ್ತಿಗೆ ಯಾರೂ ಇರಲಿಲ್ಲ. ಆಮೋಸ್ ಅಂಗಿ ಬಿಚ್ಚಿದ. "ಅವ್ವ ಬೈತಾಳೆ, ಕೊಳೆ ಆಗ್ಬಾರ್ದು, ಹಿಡ್ಕೋ" ಅಂತ ತಂಗಿಯ ಕೈಗೆ ಕೊಟ್ಟ. ಆ ಹೊಂಡಕ್ಕೆ ಮೆಟ್ಟಿಲಿಲ್ಲ, ಇಳಿಜಾರಿಲ್ಲ, ದಡದಿಂದಲೇ ಪಾತಾಳ. ಅವನು ಇಳಿದ. ಮೇಲೆ ಬರಲಿಲ್ಲ. ಓಜೆಲ್ಲಾ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೊಳೆಯಾಗದ ಹಾಗೆ, ನಿಂತೇ ಇದ್ದಳು.

ಗಂಡಸರು ಬಂದು ಗಳ ಹಾಕಿ ಹುಡುಕಿದರು, ಸಿಗಲಿಲ್ಲ. ಆಗ ಚರ್ಚಿನ ಹಿರಿಯ ಎಜ್ರಾ ತಾತ ಅವಳ ಕೈಯಿಂದ ಅಂಗಿ ಬಿಡಿಸಿಕೊಂಡು ನೀರಿನ ಮೇಲೆ ಹರಡಿದ. ಮುಳುಗಿದವರು ಸಿಗದಿದ್ದರೆ ನಮ್ಮ ಹಿರಿಯರು ಮಾಡುತ್ತಿದ್ದದ್ದು ಹಾಗೆ. ಅಂಗಿಗೆ ಮೈ ಗೊತ್ತು. ತೇಲಿಕೊಂಡು ಹೋಗುತ್ತದೆ, ಮೈ ಇದ್ದ ಕಡೆ ನಿಲ್ಲುತ್ತದೆ, ಮುಳುಗುತ್ತದೆ. ಅಂಗಿ ನೀರಿನ ಮೇಲೆ ತೋಳು ಚಾಚಿಕೊಂಡು ಹೋಯಿತು, ಒಂದು ಕಡೆ ನಿಂತಿತು, ಮುಳುಗಿತು. ಕೊಕ್ಕೆ ಇಳಿಸಿ ಅಂಗಿಯನ್ನೂ ಅವನನ್ನೂ ಒಟ್ಟಿಗೆ ಎತ್ತಿದರು.

ಮುಂದಿನ ವಾರ ಕೊಳ ತೆರೆಯಿತು. ಬೋರ್ಡು ಬದಲಾಗಿತ್ತು: ಕ್ಲಬ್ಬು, ಸದಸ್ಯರಿಗೆ ಮಾತ್ರ. ಕಾನೂನು ಕ್ಲಬ್ಬಿನೊಳಕ್ಕೆ ಬರುವ ಹಾಗಿರಲಿಲ್ಲ. ಲೂಬರ್ತಾ ಆ ಅಂಗಿಯನ್ನು ಮತ್ತೆ ಒಗೆದಳು, ಗಂಜಿ ಹಾಕಿದಳು, ಇಸ್ತ್ರಿ ತಿಕ್ಕಿದಳು, ಮಡಚಿ ಟ್ರಂಕಿಗೆ ಹಾಕಿದಳು. ಆವತ್ತಿನಿಂದ ರೇಡಿಯೋ ಹಚ್ಚಲಿಲ್ಲ.

ಓಜೆಲ್ಲಾ ಕೋರ್ಸು ಬಿಡಲಿಲ್ಲ. ಯಾಕೆ ಬಿಡಬೇಕು? "ಸತ್ತವನು ಸತ್ತ ಕಣೇ, ಪಾಪ," ಅಂದಿದ್ದಳು ಡೆಸ್ಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ. "ಅವನಿಗೋಸ್ಕರ ನೀನು ಬದುಕಿರೋ ಮಕ್ಕಳನ್ನ ಬಿಡ್ತೀಯಾ? ಕಣ್ಮುಚ್ಚು, ದಾಟು, ಕ್ರೆಡಿಟ್ ಇಸ್ಕೊಂಡು ಅವರ ಮುಖಕ್ಕೆ ಉಗಿದು ಬಾ." ಆ ಮಾತು ಸರಿ ಅನ್ನಿಸಿತ್ತು. ಹಲಗೆ ಹಿಡಿದು ಕಾಲು ಬಡಿದಳು. ಮೂಗಿಗೆ ನೀರು ಹೋಗಿ ಕೆಮ್ಮಿದಳು. ಮಡಚಿದ ಬಲಗೈ ನೀರನ್ನು ಹಿಡಿಯುತ್ತಿರಲಿಲ್ಲ, ಅದಕ್ಕೇ ಎಡಕ್ಕೆ ಎಡಕ್ಕೆ ವಾಲುತ್ತಿದ್ದಳು. ಬಿಳಿ ಹುಡುಗಿಯರು ನಕ್ಕರು.

ಆಮೋಸ್ ಪ್ರತಿ ದಿನ ಬಂದ. ಗಾಜಿನ ಆಚೆ ನಿಂತವನು, ಒಂದು ದಿನ ಗಾಜಿನ ಈಚೆ ಇದ್ದ. ಇನ್ನೊಂದು ದಿನ ಧುಮುಕುವ ಹಲಗೆಯ ಕೆಳಗೆ, ಆಳದ ತುದಿಯಲ್ಲಿ, ಹಳೆಯ ಟೈಲ್ಸಿನ ಅಂಚಿಗೆ ಬಂದು ನಿಂತ. ಟವೆಲ್ಲು ಇನ್ನೂ ಕಂಕುಳಲ್ಲೇ. ಕಾಲು ಅದ್ದಲಿಲ್ಲ. ಯಾರೋ 'ಬಾ' ಅನ್ನಲಿ ಅಂತ ಕಾಯುತ್ತಿರುವ ಹಾಗೆ ನಿಂತಿದ್ದ. ಓಜೆಲ್ಲಾ ಅವನ ಕಡೆ ನೋಡಿ ಉಸಿರು ತಪ್ಪಿದಳು, ಕಾಲು ನೆಲಕ್ಕೂರಿ ಎದ್ದು ನಿಂತಳು.

"ಮುಖ ಮುಳುಗಿಸು ಅಂದ್ರೆ ಕೇಳಲ್ವಾ?" ಕೋಚ್ ಹಿಂದೆ ಬಂದು ನಿಂತಿದ್ದ. ಅವಳ ತಲೆಯ ಮೇಲೆ ಅಂಗೈ ಇಟ್ಟು ಒತ್ತಿದ. ನೀರು ಕಿವಿ ತುಂಬಿತು. ಕಣ್ಣು ತೆರೆದರೆ ನೀಲಿ. ಎದೆ ಬಡಿದುಕೊಂಡಿತು. ಅವಳು ಅವನ ಕೈಯನ್ನು ಉಗುರು ಹಾಕಿ ಕಿತ್ತು ಮೇಲೆದ್ದಳು. ಮೂಗು, ಬಾಯಿ, ಕಣ್ಣು ಎಲ್ಲದರಲ್ಲೂ ನೀರು ಸುರಿಯುತ್ತಿತ್ತು.

"ಅಷ್ಟೇ. ಏನಾಯ್ತು ಈಗ? ಸತ್ತೋದ್ಯಾ?" ಕೋಚ್ ನಗುತ್ತಿದ್ದ. ಕೆಟ್ಟ ನಗುವೂ ಅಲ್ಲ ಅದು. ಅದೇ ಹೊಟ್ಟೆ ಉರಿಸುವುದು. "ಭಯ ಬಿಡು. ನಾನು ಐದು ವರ್ಷದವನಾಗಿದ್ದಾಗಿಂದ ಈ ನೀರಲ್ಲಿದೀನಿ. ಒಂದು ಬೇಸಿಗೇಲಿ, ಆ ಗಲಾಟೆ ವರ್ಷ, ಗೊತ್ತಲ್ಲ, ರಿಪೇರಿ ಅಂತ ಬೋರ್ಡ್ ಹಾಕಿ ಬೀಗ ಜಡಿದುಬಿಟ್ರು. ನಾವು ಹುಡುಗ್ರು ಬಿಡ್ತೀವಾ? ಹಿಂದುಗಡೆ ಬೇಲಿ ಹಾರಿ ದಿನಾ ಈಜಿದ್ವಿ. ಕಾವಲಿನವನು ನೋಡ್ಕೊಂಡು ಸುಮ್ನಿರ್ತಿದ್ದ. ರಿಪೇರಿಯೂ ಇಲ್ಲ, ಗಿಪೇರಿಯೂ ಇಲ್ಲ. ಅಷ್ಟು ಒಳ್ಳೇ ಬೇಸಿಗೆ ಮತ್ತೆ ಬರಲಿಲ್ಲ ನೋಡು."

ಡೆಸ್ಸಿಯ ಮುಖದಲ್ಲಿ ನಗು ಇರಲಿಲ್ಲ. ಆಳದ ತುದಿಯಲ್ಲಿ ನಿಂತಿದ್ದ ಆಮೋಸ್ ಕೋಚ್‌ನನ್ನೇ ನೋಡುತ್ತಿದ್ದ.

ಮನೆಗೆ ಬಂದು ಓಜೆಲ್ಲಾ ಅವ್ವನ ಕಾಲ ಬಳಿ ನೆಲದ ಮೇಲೆ ಕೂತಳು. ಕೋಚ್ ಹೇಳಿದ್ದನ್ನು ಹಾಗ್ಹಾಗೇ ಹೇಳಿದಳು. ಗಾಜಿನ ಗೋಡೆ ದಾಟಿ ಬಂದವನ ವಿಷಯವನ್ನೂ ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. ಹುಚ್ಚು ಅನ್ನುತ್ತಾಳೇನೋ ಅಂದುಕೊಂಡಿದ್ದಳು.

"ಒದ್ದೆಯಾಗಿದ್ನಾ?" ಅಂತ ಕೇಳಿದಳು ಅವ್ವ.

"ಇಲ್ಲ ಅವ್ವಾ. ಒಣಗಿದಾನೆ. ಅಂಗಿ ನೀನು ಇಸ್ತ್ರಿ ಮಾಡಿದ ಹಾಗೇ ಇದೆ."

ಅವ್ವ ತಲೆಯಾಡಿಸಿದಳು. "ಅವನು ಹೊಂಡದಲ್ಲಿ ಸಾಯ್ಲಿಲ್ಲ ಕಣೇ. ಗೇಟಿನ ಹತ್ರ ಸತ್ತ. ಹೊಂಡದಲ್ಲಿ ಸಿಕ್ಕಿದ್ದು ಬರೀ ಮೈ. ಇಷ್ಟು ವರ್ಷ ಗೋರಿ ಮೇಲೆ ಹೂ ಇಟ್ಟೆ, ಅಲ್ಲಿ ಅವನಿದಾನೆ ಅಂತ ಒಂದಿನಾನೂ ಅನ್ನಿಸ್ಲಿಲ್ಲ ನಂಗೆ." ಕೈ ಊರಿಕೊಂಡು ಎದ್ದಳು. ಟ್ರಂಕು ತೆಗೆಯುವ ಸದ್ದು ಕೇಳಿಸಿತು. ಇಸ್ತ್ರಿ ಪೆಟ್ಟಿಗೆ ಕಾಯುವ ವಾಸನೆ ಬಂತು. ಕಣ್ಣು ಕಾಣದಿದ್ದರೂ ಆ ಪುಟ್ಟ ಅಂಗಿಯ ಕಾಲರು, ತೋಳು, ಬೆನ್ನು ಒಂದೊಂದಾಗಿ ಬೆರಳಲ್ಲಿ ತಡವಿ ತಿಕ್ಕಿದಳು. "ನೀನು ದಾಟು, ದಾಟ್ಬೇಡ, ನಾನು ಹೇಳಲ್ಲ. ಇದನ್ನ ತಗೊಂಡ್ಹೋಗು. ಮೊದಲು ಅವನ ಸರದಿ."

ಕೊನೆಯ ದಿನ ಓಜೆಲ್ಲಾ ಈಜುಡುಪು ಹಾಕಲಿಲ್ಲ. ಚರ್ಚಿಗೆ ಹೋಗುವ ನೀಲಿ ಫ್ರಾಕು, ಟೋಪಿ, ಮುಚ್ಚಿದ ಷೂ. ಡೆಸ್ಸಿ, ಉಳಿದ ಹೆಂಗಸರು, ಆ ಬಿಳಿ ಹುಡುಗಿಯರು ಅಷ್ಟು ಹೊತ್ತಿಗೆ ನೀರಲ್ಲಿ ಅಂಚು ಹಿಡಿದು ಸಾಲಾಗಿ ನಿಂತಿದ್ದರು. ಬಾಗಿಲ ಬಳಿ ಮಿಸ್ ಪ್ರುಯಿಟ್ ಕೂಡ ಇದ್ದಳು, ಪಾಸಾದವರನ್ನು ಅಭಿನಂದಿಸಲು.

"ಏನಿದು ವೇಷ? ಚರ್ಚು ಆ ಕಡೆ," ಅಂದ ಕೋಚ್. "ಬಟ್ಟೆ ಬದಲಿಸ್ಕೊಂಡು ಬಾ. ನಿನ್ನ ಸರದಿ ಮೊದಲನೇದು."

"ನಂದಲ್ಲ. ನನಗಿಂತ ಮುಂಚೆ ಒಬ್ಬ ಬಂದಿದ್ದ."

"ಯಾರು?"

"ನಮ್ಮಣ್ಣ. ಆಮೋಸ್ ಅಂತ. ನೀವು ಬೇಲಿ ಹಾರಿ ಈಜಿದ್ರಲ್ಲ, ಆ ಬೇಸಿಗೇಲಿ ಬಂದಿದ್ದ. ಮೈ ಉಜ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, ಗೇಟಿನ ಮುಂದೆ ನಿಂತಿದ್ದ. ರಿಪೇರಿ ಅಂತ ಬೋರ್ಡ್ ಹಾಕಿದ್ರಿ. ಅದಕ್ಕೆ ಮಣ್ಣಿನ ಹೊಂಡಕ್ಕೆ ಹೋದ. ಹೊಂಡ ಯಾರನ್ನೂ ಬೇಡ ಅನ್ನಲ್ಲ ನೋಡಿ."

ಕೋಚ್ ಬಾಯಿ ತೆರೆದ. ಸೀಟಿ ಎದೆಯ ಮೇಲೆ ನೇತಾಡುತ್ತಿತ್ತು.

ಓಜೆಲ್ಲಾ ಮಂಡಿಯೂರಿ ಕೂತಳು. ಮಡಚಿದ ಬೆರಳುಗಳಿಂದ, ಅವ್ವ ಕೊಟ್ಟ ಪುಟ್ಟ ಅಂಗಿಯ ಗುಂಡಿ ಬಿಚ್ಚಿದಳು. ನೀರಿನ ಮೇಲೆ ಹರಡಿದಳು. ಗಂಜಿಯ ಅಂಗಿ, ಮುಳುಗಲಿಲ್ಲ. ತೋಳು ಚಾಚಿಕೊಂಡು ತೇಲಿತು.

ಆ ಕೊಳದಲ್ಲಿ ಪಂಪು ಸದಾ ಓಡುತ್ತದೆ. ಉದುರಿದ ಕೂದಲು, ಕಸ, ಹುಳು ಎಲ್ಲ ಆಳವಿಲ್ಲದ ತುದಿಯ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಅಂಗಿ ಆ ಕಡೆ ಹೋಗಲಿಲ್ಲ. ಹೆಂಗಸರ ಮುಂದೆ ಒಬ್ಬೊಬ್ಬರನ್ನೇ ದಾಟಿಕೊಂಡು, ಪಂಪಿಗೆ ಎದುರಾಗಿ, ಆಳದ ಕಡೆಗೆ ಹೋಯಿತು. ಡೆಸ್ಸಿಯ ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆ ಹೇಳುತ್ತಿದ್ದಳು. ಧುಮುಕುವ ಹಲಗೆಯ ಕೆಳಗೆ ಬಂದು ಅಂಗಿ ನಿಂತಿತು. ಅಲುಗಲಿಲ್ಲ. ಆಮೇಲೆ ಒಂದು ತೋಳು ಇಳಿಯಿತು, ಇನ್ನೊಂದು ತೋಳು ಇಳಿಯಿತು, ಕಾಲರು ಕೊನೆಗೆ.

ಡೆಸ್ಸಿ ಮೊದಲು ನೀರಿನಿಂದ ಹತ್ತಿದಳು. ಅಂಗಿಗೆ ಮೈ ಗೊತ್ತು ಅನ್ನುವುದನ್ನು ಹಾಲಿನ ಜೊತೆ ಕುಡಿದು ಬೆಳೆದವಳು ಅವಳು. ಹಿಂದೆಯೇ ಉಳಿದವರು ಹತ್ತಿದರು. ಬಿಳಿ ಹುಡುಗಿಯರಿಗೆ ಏನೂ ತಿಳಿಯದಿದ್ದರೂ ಮೈ ಜುಮ್ಮೆಂದು ಅವರೂ ಹತ್ತಿ ಟವೆಲ್ಲು ಹೊದ್ದರು. ಕೊಳ ಖಾಲಿಯಾಯಿತು.

"ಪಂಪಿನ ಸೆಳೆತ ಅದು," ಅಂದ ಕೋಚ್. ದನಿ ಒಣಗಿತ್ತು. ಉದ್ದನೆಯ ಗಳ ತಂದು ಕೆಳಗೆ ಆಡಿಸಿದ. ಸಿಗಲಿಲ್ಲ. "ಒಂದು ಬಟ್ಟೆ ಚೂರಿಗೆ ಇಷ್ಟೊಂದಾ? ಇಳೀರಿ ಎಲ್ಲಾ. ಇಳೀದಿದ್ರೆ ಯಾರಿಗೂ ಕ್ರೆಡಿಟ್ ಇಲ್ಲ."

ಯಾರೂ ಕದಲಲಿಲ್ಲ.

"ಮಿಸ್ ಓಜೆಲ್ಲಾ," ಮಿಸ್ ಪ್ರುಯಿಟ್ ಓಡಿ ಬಂದಳು. ಅವಳ ಕಣ್ಣು ತುಂಬಿತ್ತು. "ಒಂದೇ ಒಂದು ಕ್ರೆಡಿಟ್. ಸುಮ್ನೆ ಆ ತುದಿಗ್ಹೋಗಿ ಬಂದ್ಬಿಡಿ. ನಿಮ್ಮ ಕೆಲಸ, ಆ ಮಕ್ಕಳು..."

ಓಜೆಲ್ಲಾಗೆ ಆ ಮಕ್ಕಳು ಕಣ್ಣಿಗೆ ಬಂದರು. ಕಿಟಕಿಯ ಬಿಸಿಲು ಬಂತು. ಸುಳ್ಳು ಹೇಳಬಾರದು, ಕಾಲು ಒಂದು ಹೆಜ್ಜೆ ಏಣಿಯ ಕಡೆ ಹೋಯಿತು ಕೂಡ. ನೀರನ್ನು ನೋಡಿದಳು. ಅಲ್ಲೇ ನಿಂತಳು.

"ಅವನ ತಲೆ ಮೇಲೆ ಈಜ್ಕೊಂಡು ಹೋಗಿ ಮಕ್ಕಳಿಗೆ ಏನು ಕಲಿಸ್ಲಿ ತಾಯೀ? ನಾನು ಇಳಿಯಲ್ಲ." ಆಮೇಲೆ ಕೋಚ್ ಕಡೆ ತಿರುಗಿದಳು. "ನೀನೇ ಇಳಿ ಕೋಚ್. ಐದು ವರ್ಷದವನಾಗಿದ್ದಾಗಿಂದ ಇದೀಯಲ್ಲ ಈ ನೀರಲ್ಲಿ. ಬಟ್ಟೆ ಚೂರು ತಾನೇ? ಇಳಿದು ತೆಗೆದು ಕೊಡು. ನಮ್ಮವ್ವ ಕಾಯ್ತಾ ಇದಾಳೆ."

ಕೋಚ್ ಅಂಚಿಗೆ ಬಂದ. ಕಾಲ್ಬೆರಳು ಟೈಲ್ಸಿನಾಚೆ ಚಾಚಿದವು. ನೀರು ನೋಡಿದ. ಎಷ್ಟು ಹೊತ್ತು ನೋಡಿದನೋ. ಅವನಿಗೆ ಅಲ್ಲಿ ಏನು ಕಂಡಿತೋ ದೇವರೇ ಬಲ್ಲ. ಎದೆಯ ಬೆಳ್ಳಿ ಕೂದಲು ನೆಟ್ಟಗಾಗಿದ್ದವು. ಒಂದು ಹೆಜ್ಜೆ ಹಿಂದೆ ಬಂದ, ಇನ್ನೊಂದು ಹೆಜ್ಜೆ ಹಿಂದೆ ಬಂದ, ಹೋಗಿ ಬೆಂಚಿನ ಮೇಲೆ ಕುಸಿದು ಕೂತ.

ಓಜೆಲ್ಲಾ ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದಳು. ಹೊರಗೆ ಬೆಂಕಿಯಂಥ ಬಿಸಿಲು. ಗೋಡೆಯ ಬಳಿ ಯಾರೂ ಇರಲಿಲ್ಲ.

ಆ ಬೇಸಿಗೆ ನಮ್ಮ ಹೆಂಗಸರಲ್ಲಿ ಒಬ್ಬರಿಗೂ ಕ್ರೆಡಿಟ್ ಸಿಗಲಿಲ್ಲ. ಆಗಸ್ಟಿನಲ್ಲಿ ಆ ತರಗತಿ ಬೇರೆ ಊರಿನ ಹುಡುಗಿಗೆ ಹೋಯಿತು. ಓಜೆಲ್ಲಾ ಅಡುಗೆಮನೆಯಲ್ಲೇ ಉಳಿದಳು. ಪಾತ್ರೆ ತಿಕ್ಕುವಾಗ ಗೋಡೆಯಾಚೆ ಮಕ್ಕಳು ಅಕ್ಷರ ಹೇಳುವುದು ಕೇಳುತ್ತದೆ, ಇವಳೂ ಜೊತೆಗೆ ಹೇಳುತ್ತಾಳೆ. ಹೊಟ್ಟೆ ಉರಿಯುವುದಿಲ್ಲವೇ? ಉರಿಯುತ್ತದೆ. ದಿನಾ ಉರಿಯುತ್ತದೆ.

ಕಾಲೇಜಿನವರು ಕೊಳದ ನೀರು ಖಾಲಿ ಮಾಡಿಸಿದರು. ಡೆಸ್ಸಿಯ ಅಕ್ಕನ ಮಗ ಅಲ್ಲಿ ಕಸ ಗುಡಿಸುವವನು. ತಳದಲ್ಲಿ ಅಂಗಿ ಇರಲಿಲ್ಲ ಅಂತ ಅವನೇ ಬಂದು ಹೇಳಿದ. ಜಾಲರಿ ಬಿಚ್ಚಿದರು, ಕೊಳವೆ ಬಿಚ್ಚಿದರು, ಎಲ್ಲೂ ಇಲ್ಲ. ಮತ್ತೆ ನೀರು ತುಂಬಿದರು. ಸುದ್ದಿ ಕೇಳಿದ ಬಿಳಿ ತಾಯಂದಿರು ಈಜು ಕಲಿಯಲು ಮಕ್ಕಳನ್ನು ಕಳಿಸಲಿಲ್ಲ. ಕೋಚ್ ಹಾಲ್‌ಬ್ರೂಕ್ ಕಾಲು ನೋವು ಅಂತ ರಜೆ ಹಾಕಿದವನು ತಿರುಗಿ ಬರಲಿಲ್ಲ. ಮಕ್ಕಳ ಶಾಲೆ ಶುರುವಾದ ವಾರ ಗಾಜಿನ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಒಂದು ಬೋರ್ಡು ನೇತುಹಾಕಿದರು.

ಓಜೆಲ್ಲಾ ಅವ್ವನನ್ನು ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. ಮುದುಕಿ ಸರಪಳಿಯನ್ನು ತಡವಿ ನೋಡಿದಳು, ಬೀಗವನ್ನು ತಡವಿ ನೋಡಿದಳು.

"ಬೋರ್ಡಲ್ಲಿ ಏನ್ ಬರ್ದಿದಾರೆ, ಓದೇ."

"ರಿಪೇರಿಗಾಗಿ ಮುಚ್ಚಿದೆ."

ಲೂಬರ್ತಾ ಗಾಜಿಗೆ ಹಣೆ ಒತ್ತಿ, ಕಾಣದ ಕಣ್ಣಲ್ಲಿ ಒಳಗೆ ನೋಡಿದಳು.

"ಆಗ ನಮ್ಮ ಹುಡುಗ ಹೊರಗಿದಾನೆ ಅಂತ ಮುಚ್ಚಿದ್ರು," ಅಂದಳು. "ಈಗ ಒಳಗಿದಾನೆ ಅಂತ ಮುಚ್ಚಿದಾರೆ."